ಸ್ಟಾರ್ ಟ್ರೆಕ್ ಕಾದಂಬರಿಗಳು: ಎಲ್ಲಿಂದ ಓದಲು ಶುರು ಮಾಡಬೇಕು? ಪದೇ ಪದೇ ಕೇಳುವ ಪ್ರಶ್ನೆಗಳು

ಅಂತರಿಕ್ಷ ಹಡಗುಗಳ ಸಾಹಸ ಹೇಳುವ ಅಮೆರಿಕದ ಟಿವಿ ಸರಣಿ ಸ್ಟಾರ್ ಟ್ರೆಕ್ ಅನ್ನು ಮೆಚ್ಚಿ ನೋಡಿದವರು ಬೆಂಗಳೂರಿನಲ್ಲಿ ಬಹಳ ಮಂದಿ ಇದ್ದಾರೆ. 1980ರ ದಶಕದಲ್ಲಿ ದೂರದರ್ಶನದಲ್ಲಿ ಮೊದಲ ಸರಣಿಯ ಕ್ಯಾಪ್ಟನ್ ಕರ್ಕ್ ಮತ್ತು ಅವನ ಸಹ ಅಧಿಕಾರಿ ಸ್ಪಾಕ್‌ರನ್ನು ಕಂಡವರಿದ್ದಾರೆ, ಕೇಬಲ್ ಬಂದ ಮೇಲೆ ‘ನೆಕ್ಸ್ಟ್ ಜನರೇಷನ್’ ಸರಣಿಯ ಕ್ಯಾಪ್ಟನ್ ಪಿಕಾರ್ಡ್‌ನ ಅಭಿಮಾನಿಗಳಾದವರಿದ್ದಾರೆ, ಈಗ ಮೊಬೈಲಿನಲ್ಲಿ ಹೊಸ ಸರಣಿಗಳನ್ನು ನೋಡುತ್ತಿರುವ ಕಾಲೇಜು ಹುಡುಗ ಹುಡುಗಿಯರೂ ಇದ್ದಾರೆ. ಆದರೆ ಇದೇ ಲೋಕದ ಮೇಲೆ ನೂರಾರು ಕಾದಂಬರಿಗಳು ಬಂದಿವೆ, ಅವುಗಳಲ್ಲಿ ಕೆಲವು ನಿಜಕ್ಕೂ ದೊಡ್ಡ ಪುಸ್ತಕಗಳು ಎಂಬುದು ಇವರಲ್ಲಿ ಅನೇಕರಿಗೆ ಗೊತ್ತಿಲ್ಲ. ಗೊತ್ತಿದ್ದವರೂ ಅಂಗಡಿಯ ಕಪಾಟಿನ ಮುಂದೆ ನಿಂತು, ಯಾವುದನ್ನು ಎತ್ತಿಕೊಳ್ಳಬೇಕೆಂದು ತಿಳಿಯದೆ ಬರಿಗೈಯಲ್ಲಿ ಹೊರಬರುತ್ತಾರೆ. ಅಂಥವರು ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಿದ್ದೇನೆ.

ಸುತ್ತು ಬಳಸು ಬೇಡ. ಮೊದಲು ಯಾವ ಪುಸ್ತಕ ಓದಲಿ?

ನಿಮಗೆ ಯಾವ ಸರಣಿ ಇಷ್ಟವೋ ಆ ಸರಣಿಯ ಒಂದು ಬಿಡಿ ಕಾದಂಬರಿ. ಕರ್ಕ್ ಮತ್ತು ಸ್ಪಾಕ್ ಇಷ್ಟವಾದರೆ ಡಯಾನ್ ಡ್ವೇನ್ ಬರೆದ ‘ಸ್ಪಾಕ್ಸ್ ವರ್ಲ್ಡ್’ (1988). ಪಿಕಾರ್ಡ್‌ನ ಹಡಗು ಎಂಟರ್‌ಪ್ರೈಸ್ ಇಷ್ಟವಾದರೆ ಪೀಟರ್ ಡೇವಿಡ್ ಬರೆದ ‘ಇಮ್ಜಾಡಿ’ (1992). ‘ಡೀಪ್ ಸ್ಪೇಸ್ ನೈನ್’ ಪೂರ್ತಿ ನೋಡಿ ಮುಗಿಸಿದ್ದರೆ ಆಂಡ್ರೂ ರಾಬಿನ್ಸನ್ ಬರೆದ ‘ಎ ಸ್ಟಿಚ್ ಇನ್ ಟೈಮ್’ (2000). ‘ವಾಯೇಜರ್’ ಆದರೆ ಜೆರಿ ಟೇಲರ್ ಬರೆದ ‘ಮೊಸಾಯಿಕ್’ (1996).

ಬಿಡಿ ಕಾದಂಬರಿ ಎಂಬುದನ್ನು ಒತ್ತಿ ಹೇಳುತ್ತಿದ್ದೇನೆ. ಶುರುವಿನಲ್ಲೇ ಮೂರು, ಐದು, ಒಂಬತ್ತು ಸಂಪುಟಗಳ ಮಹಾಕಥೆಗೆ ಕೈಹಾಕಬೇಡಿ. ಒಂದು ಪುಸ್ತಕ ಓದಿ, ಆ ಬರಹಗಾರರ ಧ್ವನಿ ಹಿಡಿಸಿತೇ ಎಂದು ನೋಡಿಕೊಂಡು ಆಮೇಲೆ ಮುಂದಕ್ಕೆ ಹೋಗಿ.

ಟಿವಿಯಲ್ಲಿ ನೋಡಿದ್ದನ್ನೇ ಮತ್ತೆ ಪುಸ್ತಕದಲ್ಲಿ ಓದುವುದೇಕೆ?

ಈ ಅನುಮಾನ ಸಹಜ. ಕನ್ನಡದಲ್ಲಿ ನಾವು ಕಂಡದ್ದು ಇದರ ತಿರುವು ಮುರುವು. ತ್ರಿವೇಣಿಯವರ ‘ಶರಪಂಜರ’ ಮೊದಲು ಕಾದಂಬರಿ, ಆಮೇಲೆ ಸಿನಿಮಾ. ತರಾಸು ಅವರ ಮೂರು ಕಾದಂಬರಿಗಳಿಂದ 1972ರ ‘ನಾಗರಹಾವು’ ಬಂತು. ‘ಕಾದಂಬರಿ ಆಧಾರಿತ ಚಿತ್ರ’ ಎಂದು ಪೋಸ್ಟರಿನಲ್ಲಿ ಹೆಮ್ಮೆಯಿಂದ ಹಾಕಿಸುತ್ತಿದ್ದ ಕಾಲ ಅದು. ಹಾಗಾಗಿ ತೆರೆಯಿಂದ ಹುಟ್ಟಿದ ಕಾದಂಬರಿ ಎಂದರೆ ಎರಡನೇ ದರ್ಜೆಯ ಸರಕು ಎಂಬ ಭಾವನೆ ನಮ್ಮಲ್ಲಿ ಬೇಗ ಹುಟ್ಟುತ್ತದೆ.

ಇಲ್ಲಿ ಎರಡು ಬಗೆಯ ಪುಸ್ತಕಗಳಿವೆ. ಕಂತನ್ನೋ ಸಿನಿಮಾವನ್ನೋ ಗದ್ಯಕ್ಕೆ ಇಳಿಸಿದವು ಒಂದು ಬಗೆ. ತೆರೆಯ ಮೇಲೆ ಎಂದೂ ಬಾರದ ಹೊಸ ಕಥೆ ಹೇಳುವವು ಇನ್ನೊಂದು ಬಗೆ. ನಾನು ಈ ಪುಟದಲ್ಲಿ ಹೆಚ್ಚಾಗಿ ಹೇಳುತ್ತಿರುವುದು ಎರಡನೆಯ ಬಗೆಯ ಬಗ್ಗೆ. ಟಿವಿ ಕಂತಿಗೆ ಸಿಗುವ ಸಮಯ ಒಂದು ಗಂಟೆಗೂ ಕಡಿಮೆ. ಸೆಟ್ಟು, ವೇಷ, ಗ್ರಾಫಿಕ್ಸ್ ಎಲ್ಲಕ್ಕೂ ಹಣ ಬೇಕು. ಕಾದಂಬರಿಗೆ ಆ ಕಟ್ಟುಪಾಡು ಇಲ್ಲ. ಒಂದು ಗ್ರಹದ ಸಾವಿರಾರು ವರ್ಷಗಳ ಚರಿತ್ರೆಯನ್ನು ಬರೆಯಬಹುದು, ಮನುಷ್ಯ ಆಕಾರವೇ ಇಲ್ಲದ ಜೀವಿಯನ್ನು ಹಡಗಿನ ಸಿಬ್ಬಂದಿಯನ್ನಾಗಿ ಮಾಡಬಹುದು, ಎಲ್ಲಕ್ಕಿಂತ ಮುಖ್ಯವಾಗಿ ಸ್ಪಾಕ್ ಮೌನವಾಗಿರುವಾಗ ಅವನ ಮನಸ್ಸಿನಲ್ಲಿ ಏನು ನಡೆಯುತ್ತಿದೆ ಎಂದು ಹೇಳಬಹುದು.

ತೆರೆಗೇ ಸಾಲ ಕೊಟ್ಟ ಪುಸ್ತಕಗಳೂ ಇವೆ. ಸುಲು ಎಂಬ ಪಾತ್ರಕ್ಕೆ ಹಿಕಾರು ಎಂಬ ಹೆಸರು ಕೊಟ್ಟದ್ದು ವೊಂಡಾ ಮ್ಯಾಕಿಂಟೈರ್ ಅವರ ‘ದಿ ಎಂಟ್ರೊಪಿ ಎಫೆಕ್ಟ್’ (1981) ಎಂಬ ಕಾದಂಬರಿ. ಹತ್ತು ವರ್ಷಗಳ ನಂತರ, 1991ರ ಆರನೇ ಸಿನಿಮಾದಲ್ಲಿ ಆ ಹೆಸರು ತೆರೆಯ ಮೇಲೆ ಕೇಳಿಸಿತು. ಡಯಾನ್ ಡ್ವೇನ್ 1983ರಲ್ಲಿ ಬರೆದ ‘ದಿ ವೂಂಡೆಡ್ ಸ್ಕೈ’ ಕಾದಂಬರಿಯ ಮೂಲ ಕಲ್ಪನೆಯಿಂದಲೇ ‘ನೆಕ್ಸ್ಟ್ ಜನರೇಷನ್’ ಸರಣಿಯ 1987ರ ಒಂದು ಕಂತು ಹುಟ್ಟಿತು; ಅದರ ಚಿತ್ರಕಥೆಯಲ್ಲಿ ಆಕೆಯದೂ ಪಾಲಿದೆ.

ಪುಸ್ತಕದ ಬೆನ್ನಿನ ಮೇಲೆ ಸಂಖ್ಯೆ ಇದೆ. ಒಂದರಿಂದ ಶುರು ಮಾಡಬೇಕೇ?

ಬೇಡ. ಆ ಸಂಖ್ಯೆ ಪ್ರಕಟಣೆಯ ಕ್ರಮವನ್ನು ಹೇಳುತ್ತದೆ, ಕಥೆಯ ಕ್ರಮವನ್ನಲ್ಲ. ಪಾಕೆಟ್ ಬುಕ್ಸ್ ಪ್ರಕಾಶನ 1979ರಲ್ಲಿ ಮೊದಲ ಸಿನಿಮಾದ ಕಾದಂಬರಿ ರೂಪವನ್ನು ಒಂದನೇ ಸಂಖ್ಯೆಯಾಗಿ ತಂದಿತು. ಮೊದಲ ಸರಣಿಯ ಸಂಖ್ಯೆಗಳು 2002ರ ಹೊತ್ತಿಗೆ 97ಕ್ಕೆ ಬಂದು ನಿಂತವು. ಇವುಗಳಲ್ಲಿ ಬಹುಪಾಲು ಒಂದಕ್ಕೊಂದು ಸಂಬಂಧವಿಲ್ಲದ ಬಿಡಿ ಕಥೆಗಳು. 41 ಓದಿ ಆಮೇಲೆ 16 ಓದಿದರೆ ಯಾವ ನಷ್ಟವೂ ಇಲ್ಲ.

2001ರ ನಂತರದ ಪುಸ್ತಕಗಳಿಗೆ ಮಾತ್ರ ಎಚ್ಚರ ಬೇಕು. ಆ ಹೊತ್ತಿನಿಂದ ಸಂಪಾದಕರು ಕಾದಂಬರಿಗಳನ್ನು ಒಂದಕ್ಕೊಂದು ಜೋಡಿಸಿ, ಮುಂದುವರಿಯುವ ದೊಡ್ಡ ಕಥೆಯಾಗಿ ಬೆಳೆಸಿದರು. ವಿಚಿತ್ರವೆಂದರೆ ಸಂಖ್ಯೆ ಇರುವ ಹಳೆಯ ಪುಸ್ತಕಗಳಿಗೆ ಕ್ರಮ ಬೇಡ, ಸಂಖ್ಯೆ ಇಲ್ಲದ ಹೊಸ ಪುಸ್ತಕಗಳಿಗೆ ಕ್ರಮ ಬೇಕು.

ನಾನು ಒಂದು ಕಂತನ್ನೂ ನೋಡಿಲ್ಲ. ಆದರೂ ಓದಬಹುದೇ?

ಓದಬಹುದು, ಆದರೆ ಆಯ್ಕೆ ಬೇರೆ. ಜಾನ್ ಎಂ. ಫೋರ್ಡ್ ಬರೆದ ‘ದಿ ಫೈನಲ್ ರಿಫ್ಲೆಕ್ಷನ್’ (1984) ನೋಡಿ. ಕರ್ಕ್ ಅದರಲ್ಲಿ ಹೆಚ್ಚುಕಡಿಮೆ ಓದುಗನಾಗಿಯಷ್ಟೇ ಬರುತ್ತಾನೆ. ಅವನು ಕೈಗೆತ್ತಿಕೊಂಡ ಒಂದು ಕಾದಂಬರಿಯೇ ನಾವು ಓದುವ ಕಥೆ. ತಂದೆ ತಾಯಿ ಇಲ್ಲದ ಒಬ್ಬ ಕ್ಲಿಂಗಾನ್ ಹುಡುಗ, ಚದುರಂಗದಂಥ ಒಂದು ಆಟದಲ್ಲಿ ಜೀವಂತ ಕಾಯಿಯಾಗಿ ನಿಲ್ಲುವಲ್ಲಿಂದ ಕಥೆ ತೊಡಗುತ್ತದೆ. ಶತ್ರುಗಳೆಂದು ಮಾತ್ರ ಗೊತ್ತಿದ್ದ ಜನಾಂಗವೊಂದರ ಮನೆ, ಮರ್ಯಾದೆ, ರಾಜಕೀಯ ಎಲ್ಲವನ್ನೂ ಒಳಗಿನಿಂದ ತೋರಿಸುವ ಕಾದಂಬರಿ ಇದು. ಕ್ಲಿಂಗಾನರನ್ನು ಟಿವಿ ನಂತರ ಬೇರೆ ರೀತಿಯಲ್ಲೇ ಬೆಳೆಸಿತು. ಅದರಿಂದ ಈ ಪುಸ್ತಕದ ತೂಕ ಒಂದು ಗುಲಗಂಜಿಯಷ್ಟೂ ಕಡಿಮೆಯಾಗಿಲ್ಲ.

ಒಂದು ಮಾತು: ಫೋರ್ಡ್ ಎಲ್ಲವನ್ನೂ ಬಿಡಿಸಿ ಹೇಳುವ ಬರಹಗಾರನಲ್ಲ. ಯಾರು ಯಾರಿಗೆ ಏನು ಹೇಳದೆ ಬಿಟ್ಟರು ಎಂಬುದರಲ್ಲೇ ಅವನ ಕಥೆ ನಡೆಯುತ್ತದೆ. ನಿಧಾನವಾಗಿ ಓದಿ.

ಸರಳವಾದದ್ದೇ ಬೇಕೆಂದರೆ ಪೀಟರ್ ಡೇವಿಡ್ ಅವರ ‘ನ್ಯೂ ಫ್ರಾಂಟಿಯರ್’ ಸರಣಿ. 1997ರಲ್ಲಿ ಶುರುವಾದ ಈ ಸರಣಿಯ ನಾಯಕ ಕ್ಯಾಪ್ಟನ್ ಮೆಕೆಂಜಿ ಕ್ಯಾಲ್ಹೌನ್ ಪುಸ್ತಕದಲ್ಲೇ ಹುಟ್ಟಿದವನು. ಮೊದಲ ನಾಲ್ಕು ತೆಳು ಪುಸ್ತಕಗಳು ಸೇರಿ ಒಂದು ಕಥೆ. ನಾಲ್ಕನ್ನೂ ಒಟ್ಟಿಗೆ ಕಟ್ಟಿದ ಸಂಪುಟವೂ ಇದೆ.

ಕರ್ಕ್, ಸ್ಪಾಕ್, ಡಾಕ್ಟರ್ ಮೆಕಾಯ್: ಈ ಮೂವರ ಕಥೆಗಳೇ ಬೇಕು. ಯಾವುವು ಒಳ್ಳೆಯವು?

ಇಲ್ಲಿ ಸಂಪತ್ತು ದೊಡ್ಡದು, ಆದ್ದರಿಂದ ಉತ್ತರವೂ ಉದ್ದ.

‘ಸ್ಪಾಕ್ಸ್ ವರ್ಲ್ಡ್’ ಅನ್ನು ನಾನು ಎಲ್ಲಕ್ಕಿಂತ ಮೊದಲು ಇಡುತ್ತೇನೆ. ಸ್ಪಾಕ್‌ನ ತಾಯ್ನೆಲವಾದ ವಲ್ಕನ್ ಗ್ರಹ, ಭೂಮಿಯೂ ಸೇರಿದ ಹಲವು ಗ್ರಹಗಳ ಒಕ್ಕೂಟದಿಂದ ಹೊರಹೋಗಬೇಕೇ ಬೇಡವೇ ಎಂಬ ಚರ್ಚೆ ಇಂದಿನ ಕಥೆ. ಅದರ ನಡುನಡುವಿನ ಅಧ್ಯಾಯಗಳಲ್ಲಿ ಆ ಗ್ರಹ ಹುಟ್ಟಿದಲ್ಲಿಂದ ಹಿಡಿದು ಅಲ್ಲಿನ ಜನ ತರ್ಕವನ್ನು ಬಾಳಿನ ದಾರಿಯಾಗಿ ಆರಿಸಿಕೊಳ್ಳುವವರೆಗಿನ ಚರಿತ್ರೆ ಬರುತ್ತದೆ. ಭಾವನೆ ಇಲ್ಲದವರೆಂದು ನಾವು ತಿಳಿದ ಜನ ಎಂಥ ಕ್ರೌರ್ಯವನ್ನು ದಾಟಿ ಬಂದು ಆ ಸಂಯಮವನ್ನು ಕಟ್ಟಿಕೊಂಡರೆಂದು ತಿಳಿದ ಮೇಲೆ ಸ್ಪಾಕ್ ಹುಬ್ಬೇರಿಸುವ ದೃಶ್ಯವನ್ನು ನೀವು ಮೊದಲಿನಂತೆ ನೋಡಲಾರಿರಿ. ಸಭೆಯಲ್ಲಿ ಕರ್ಕ್, ಮೆಕಾಯ್, ಸ್ಪಾಕ್ ಒಬ್ಬೊಬ್ಬರಾಗಿ ಎದ್ದು ಮಾತನಾಡುವ ಭಾಗವಂತೂ ಅಪ್ಪಟ ವಾದಪ್ರಿಯರಾದ ನಮ್ಮವರಿಗೆ ಹಬ್ಬದೂಟ.

ಅದೇ ಡ್ವೇನ್ ಒಕ್ಕೂಟದ ಶತ್ರುಗಳಾದ ರೊಮುಲನ್ನರ ಬಗ್ಗೆ ಐದು ಪುಸ್ತಕ ಬರೆದಿದ್ದಾರೆ. ಮೊದಲನೆಯದು ‘ಮೈ ಎನಿಮಿ, ಮೈ ಆಲೈ’ (1984), ಕೊನೆಯದು ‘ದಿ ಎಂಪ್ಟಿ ಚೇರ್’ (2006). ತನ್ನ ಸಾಮ್ರಾಜ್ಯವೇ ದಾರಿ ತಪ್ಪಿದೆಯೆಂದು ಕಂಡುಕೊಂಡ ಏಲ್ ಎಂಬ ಮಹಿಳಾ ಕಮಾಂಡರ್, ಶತ್ರುವಾದ ಕರ್ಕ್‌ನ ಸಹಾಯ ಕೇಳುತ್ತಾಳೆ. ದೇಶಪ್ರೇಮ ಮತ್ತು ದ್ರೋಹದ ನಡುವಿನ ಗೆರೆ ಎಲ್ಲಿದೆ ಎಂಬ ಪ್ರಶ್ನೆಯನ್ನು ಇಷ್ಟು ಗೌರವದಿಂದ ಕೈಗೆತ್ತಿಕೊಂಡ ಪುಸ್ತಕ ಈ ಸರಣಿಯಲ್ಲಿ ಇನ್ನೊಂದಿಲ್ಲ. ಮೊದಲ ಪುಸ್ತಕವನ್ನು ಬಿಡಿಯಾಗಿಯೂ ಓದಬಹುದು. ಮೊದಲ ನಾಲ್ಕನ್ನು ‘ದಿ ಬ್ಲಡ್‌ವಿಂಗ್ ವಾಯೇಜಸ್’ ಎಂಬ ಒಂದೇ ಸಂಪುಟವಾಗಿ 2006ರಲ್ಲಿ ತಂದಿದ್ದಾರೆ.

ಮೊದಲ ಸಿನಿಮಾ ನೋಡಿ ‘ಇದು ತುಂಬಾ ನಿಧಾನ’ ಎಂದು ಎದ್ದು ಹೋದವರು ಕ್ರಿಸ್ಟೋಫರ್ ಎಲ್. ಬೆನೆಟ್ ಅವರ ‘ಎಕ್ಸ್ ಮಕಿನಾ’ ಓದಲಿ. ಆ ಸಿನಿಮಾ ಮುಗಿದ ಕೆಲವೇ ವಾರಗಳ ನಂತರದ ಕಥೆ ಅದು. ಓದಿದ ಮೇಲೆ ಸಿನಿಮಾವನ್ನೇ ಮತ್ತೊಮ್ಮೆ ನೋಡಬೇಕೆನಿಸುತ್ತದೆ. ನಗಬೇಕು ಎನ್ನುವವರಿಗೆ ಫೋರ್ಡ್ ಅವರದೇ ‘ಹೌ ಮಚ್ ಫಾರ್ ಜಸ್ಟ್ ದ ಪ್ಲಾನೆಟ್?’ (1987) ಇದೆ: ಹಾಡು, ಗೊಂದಲ, ವೇಷ ಮರೆಸುವುದು, ಎಲ್ಲವೂ ಕಂಪನಿ ನಾಟಕದ ಹುರುಪಿನಲ್ಲಿ.

ಪಿಕಾರ್ಡ್‌ನ ಎಂಟರ್‌ಪ್ರೈಸ್ ಇಷ್ಟ. ‘ಇಮ್ಜಾಡಿ’ ಬಿಟ್ಟು ಮತ್ತೇನಿದೆ?

‘ಇಮ್ಜಾಡಿ’ಯಲ್ಲಿ ಆ ಹಡಗಿನ ಅಧಿಕಾರಿಗಳಾದ ರೈಕರ್ ಮತ್ತು ಟ್ರಾಯ್ ಮೊದಲು ಹೇಗೆ ಭೇಟಿಯಾದರು, ಹೇಗೆ ಅಗಲಿದರು ಎಂಬ ಪ್ರೇಮಕಥೆಯಿದೆ. ಜೊತೆಗೆ ವಯಸ್ಸಾದ, ಬದುಕಿನ ಮೇಲೆ ಆಸೆ ಕಳೆದುಕೊಂಡ ರೈಕರ್‌ನ ಚೌಕಟ್ಟೂ ಇದೆ. ಕಾಲಪ್ರಯಾಣದ ಕಥೆ ಎಂದು ಹೆದರಬೇಡಿ. ಇದರ ಜೀವ ಇರುವುದು ವಿರಹದಲ್ಲಿ.

ಪೀಟರ್ ಡೇವಿಡ್ ಅವರದೇ ‘ಕ್ಯು-ಇನ್-ಲಾ’ (1991) ಹಗುರವಾದದ್ದು, ಒಂದು ಭಾನುವಾರದ ಓದು. ಅವರ ‘ವೆಂಡೆಟ್ಟಾ’ (1991) ಬೋರ್ಗ್ ಎಂಬ ಶತ್ರುವಿನ ಕುರಿತ ಭಾರಿ ಕಥೆ. ಈ ಸರಣಿಯ 1990ರ ದಶಕದ ಸಂಖ್ಯೆ ಇರುವ ಪುಸ್ತಕಗಳಲ್ಲಿ ಸಾಧಾರಣವಾದವೂ ಬಹಳ ಇವೆ ಎಂಬುದನ್ನು ಮುಚ್ಚಿಡುವುದಿಲ್ಲ. ಆದ್ದರಿಂದ ಇಲ್ಲಿ ಬರಹಗಾರರ ಹೆಸರು ನೋಡಿ ಆರಿಸಿ.

‘ಡೀಪ್ ಸ್ಪೇಸ್ ನೈನ್’ ಮುಗಿದ ಮೇಲೆ ಮನಸ್ಸು ಖಾಲಿ ಖಾಲಿ. ಕಥೆ ಮುಂದೇನಾಯಿತು?

ಸ್ಟಾರ್ ಟ್ರೆಕ್ ಕಾದಂಬರಿಗಳು ಅತ್ಯಂತ ಎತ್ತರಕ್ಕೆ ಏರಿದ್ದು ಇಲ್ಲೇ ಎಂದು ನಾನು ನಂಬುತ್ತೇನೆ.

ಮೊದಲು ‘ಎ ಸ್ಟಿಚ್ ಇನ್ ಟೈಮ್’. ಇದನ್ನು ಬರೆದ ಆಂಡ್ರೂ ರಾಬಿನ್ಸನ್ ಆ ಸರಣಿಯಲ್ಲಿ ಗ್ಯಾರಕ್ ಎಂಬ ದರ್ಜಿಯ ಪಾತ್ರ ಮಾಡಿದ ನಟ. ಪಾತ್ರವನ್ನು ಅರ್ಥ ಮಾಡಿಕೊಳ್ಳಲೆಂದು ಗ್ಯಾರಕ್‌ನ ಧ್ವನಿಯಲ್ಲೇ ದಿನಚರಿ ಬರೆದುಕೊಂಡು, ಅದರ ಭಾಗಗಳನ್ನು ಅಭಿಮಾನಿಗಳ ಸಮಾವೇಶಗಳಲ್ಲಿ ಓದುತ್ತಿದ್ದರು. ಅದು ಬೆಳೆದು ಕಾದಂಬರಿಯಾಯಿತು. ಯುದ್ಧದಲ್ಲಿ ಹಾಳಾದ ತನ್ನ ಊರಿನ ಅವಶೇಷಗಳ ನಡುವೆ ಕುಳಿತು ಗ್ಯಾರಕ್ ಡಾಕ್ಟರ್ ಬಷೀರ್‌ಗೆ ಬರೆಯುವ ದೀರ್ಘ ಪತ್ರದ ರೂಪ ಇದಕ್ಕಿದೆ. ಬಾಲ್ಯ, ಶಾಲೆ, ಗೂಢಚಾರಿಕೆ, ಗಡಿಪಾರು ಎಲ್ಲವನ್ನೂ ಹೇಳುತ್ತಾನೆ, ಆದರೆ ಎಷ್ಟನ್ನು ನಂಬಬೇಕು ಎಂಬುದು ನಮಗೇ ಬಿಟ್ಟದ್ದು. ಹಲವು ವರ್ಷ ಇದರ ಮುದ್ರಿತ ಪ್ರತಿ ಸಿಗುವುದೇ ಕಷ್ಟವಾಗಿತ್ತು. 2023ರಲ್ಲಿ ರಾಬಿನ್ಸನ್ ತಾವೇ ಓದಿದ ಆಡಿಯೋ ಪುಸ್ತಕ ಬಂತು. ಇಷ್ಟೆಲ್ಲ ಹೊಗಳಿದ ಮೇಲೂ ಒಂದು ಷರತ್ತು: ಸರಣಿಯ ಕೊನೆಯ ಕಂತಿನವರೆಗೂ ನೋಡದೆ ಇದನ್ನು ತೆರೆಯಬೇಡಿ.

ಆಮೇಲೆ ಎಸ್.ಡಿ. ಪೆರಿ ಅವರ ‘ಅವತಾರ್’ (2001), ಎರಡು ಭಾಗ. ಕೊನೆಯ ಕಂತು ಮುಗಿದ ಮೂರು ತಿಂಗಳ ನಂತರ ಕೀರಾ ಎಂಬ ಅಧಿಕಾರಿಯ ಕೈಗೆ ಬಂದ ಅಂತರಿಕ್ಷ ನಿಲ್ದಾಣದ ಕಥೆ. ಟಿವಿ ಸರಣಿಗೆ ಇನ್ನೊಂದು ಸೀಸನ್ ಬಂದಿದ್ದರೆ ಹೇಗಿರುತ್ತಿತ್ತೋ ಹಾಗೆ ಸಂಪಾದಕ ಮಾರ್ಕೊ ಪಾಲ್ಮಿಯೆರಿ ಇದನ್ನೂ ಇದರ ಮುಂದಿನ ಪುಸ್ತಕಗಳನ್ನೂ ಯೋಜಿಸಿದರು. ‘ಟ್ವಿಸ್ಟ್ ಆಫ್ ಫೇತ್’ ಎಂಬ 2007ರ ದಪ್ಪ ಸಂಪುಟ ಸಿಕ್ಕರೆ ಯೋಚಿಸದೆ ತೆಗೆದುಕೊಳ್ಳಿ. ‘ಅವತಾರ್’ ಎರಡೂ ಭಾಗ ಮತ್ತು ಮುಂದಿನ ಕಥೆಗಳು ಅದರಲ್ಲೇ ಇವೆ.

ಮೂರನೆಯದು ಊನಾ ಮೆಕಾರ್ಮಕ್ ಅವರ ‘ದಿ ನೆವರ್-ಎಂಡಿಂಗ್ ಸ್ಯಾಕ್ರಿಫೈಸ್’ (2009). ಬಜೋರನ್ ದಂಪತಿಯ ಮನೆಯಲ್ಲಿ ಬೆಳೆದ ರೂಗಲ್ ಎಂಬ, ಬಜೋರನ್ನರನ್ನು ಹಿಂದೆ ಆಳಿದ ಕಾರ್ಡಾಸಿಯನ್ ಜನಾಂಗದ ಹುಡುಗನನ್ನು ಅವನ ಹೆತ್ತ ತಂದೆಯ ಜೊತೆ ಕಳುಹಿಸಿಬಿಡುವ ಒಂದು ಕಂತು ನಿಮಗೆ ನೆನಪಿರಬಹುದು. ಟಿವಿ ಅವನನ್ನು ಅಲ್ಲಿಗೇ ಮರೆತುಬಿಟ್ಟಿತು. ಮೆಕಾರ್ಮಕ್ ಮರೆಯಲಿಲ್ಲ. ತನ್ನದಲ್ಲದ ಭಾಷೆ, ತನ್ನದಲ್ಲದ ಊಟ, ತನ್ನವರೆಂದು ಹೇಳಲಾಗುವ ಅಪರಿಚಿತರ ನಡುವೆ ಒಬ್ಬ ಹುಡುಗ ದೊಡ್ಡವನಾಗುವ ಈ ಕಥೆಗೆ ಅಂತರಿಕ್ಷ ನೌಕೆಗಳ ಅಗತ್ಯವೇ ಬೀಳುವುದಿಲ್ಲ. ಸರಣಿ ಆಧಾರಿತ ಪುಸ್ತಕಗಳನ್ನು ಸಾಹಿತ್ಯವೆಂದು ಒಪ್ಪದ ಗೆಳೆಯರಿಗೆ ನಾನು ಕೊಡುವ ಪುಸ್ತಕ ಇದೇ.

‘ವಾಯೇಜರ್’ ಅಭಿಮಾನಿಗಳಿಗೆ?

‘ಮೊಸಾಯಿಕ್’ ಕ್ಯಾಪ್ಟನ್ ಜೇನ್‌ವೇಯ ಹಿಂದಿನ ಬದುಕು. ‘ಪಾತ್‌ವೇಸ್’ (1998) ಉಳಿದ ಸಿಬ್ಬಂದಿಯದು. ಎರಡನ್ನೂ ಬರೆದ ಜೆರಿ ಟೇಲರ್ ಆ ಸರಣಿಯನ್ನು ರೂಪಿಸಿದವರಲ್ಲಿ ಒಬ್ಬರು. ಹಡಗು ಮನೆಗೆ ಮರಳಿದ ನಂತರದ ಕಥೆಗೆ ಕರ್ಸ್ಟನ್ ಬೇಯರ್ ಅವರ ‘ಫುಲ್ ಸರ್ಕಲ್’ನಿಂದ (2009) ಶುರು ಮಾಡಿ. ಆ ಸಾಲು 2020ರ ‘ಟು ಲೂಸ್ ದಿ ಅರ್ತ್’ವರೆಗೆ ನಡೆದು ಮುಗಿದಿದೆ. ಈ ಪುಸ್ತಕಗಳನ್ನು ಬರೆಯುತ್ತಿದ್ದ ಬೇಯರ್ ನಂತರ ‘ಡಿಸ್ಕವರಿ’ಯ ಬರಹಗಾರರ ತಂಡ ಸೇರಿ, ‘ಪಿಕಾರ್ಡ್’ ಸರಣಿಯ ಸೃಷ್ಟಿಕರ್ತರಲ್ಲಿ ಒಬ್ಬರಾದರು.

ಎಲ್ಲರೂ ‘ಡೆಸ್ಟಿನಿ’ ಎನ್ನುತ್ತಾರೆ. ಅದರಿಂದಲೇ ಶುರು ಮಾಡಿದರೆ?

ಮಾಡಬೇಡಿ. ಅದು ಒಳ್ಳೆಯದಲ್ಲ ಎಂದಲ್ಲ, ಅದು ಬಹಳ ಒಳ್ಳೆಯದು. ಡೇವಿಡ್ ಮ್ಯಾಕ್ 2008ರಲ್ಲಿ ಬರೆದ ಈ ಮೂರು ಪುಸ್ತಕಗಳಲ್ಲಿ ಬೋರ್ಗ್ ಒಕ್ಕೂಟದ ಮೇಲೆ ಕೊನೆಯ ದಾಳಿಗೆ ಇಳಿಯುತ್ತಾರೆ. ಪಿಕಾರ್ಡ್‌ನ ಎಂಟರ್‌ಪ್ರೈಸ್, ರೈಕರ್‌ನ ಟೈಟನ್, ಎಜ್ರಿ ಡ್ಯಾಕ್ಸ್‌ಳ ಅವೆಂಟೀನ್ ಮೂರೂ ಹಡಗುಗಳು ಒಂದೇ ಕಥೆಗೆ ಬಂದು ಸೇರುತ್ತವೆ. ‘ಎಂಟರ್‌ಪ್ರೈಸ್’ ಸರಣಿಯ ಕಾಲದ ಕೊಲಂಬಿಯಾ ಹಡಗಿನ ಎರಿಕಾ ಹರ್ನಾಂಡೆಜ್ ಕೂಡ ಇದ್ದಾಳೆ. ರೈಕರ್ ಯಾವಾಗ ಕ್ಯಾಪ್ಟನ್ ಆದ, ಎಜ್ರಿ ಅಲ್ಲಿಗೆ ಹೇಗೆ ಬಂದಳು ಎಂದು ಗೊತ್ತಿಲ್ಲದವರು ಮೊದಲ ನೂರು ಪುಟದಲ್ಲೇ ಸುಸ್ತಾಗುತ್ತಾರೆ. ಈ ಜನರ ಮೇಲೆ ಮೊದಲೇ ಪ್ರೀತಿ ಬೆಳೆದಿದ್ದರೆ ಮಾತ್ರ ಅಲ್ಲಿನ ಸಾವು ನೋವು ತಟ್ಟುವುದು.

‘ಅವತಾರ್’, ಆಮೇಲೆ ರೈಕರ್‌ನ ‘ಟೈಟನ್’ ಸರಣಿಯ ಮೊದಲ ಪುಸ್ತಕ ‘ಟೇಕಿಂಗ್ ವಿಂಗ್’ (2005), ಆಮೇಲೆ ‘ಡೆಸ್ಟಿನಿ’. ಈ ದಾರಿ ಸಾಕು. ನಡುವೆ ಬಂದ ಎಲ್ಲವನ್ನೂ ಓದಿಯೇ ತೀರಬೇಕೆಂದು ಪಟ್ಟಿ ಹಿಡಿದು ಕುಳಿತವರು ಅರ್ಧದಲ್ಲೇ ಬಿಡುವುದನ್ನು ಬಹಳ ನೋಡಿದ್ದೇನೆ.

ಇನ್ನೊಂದು ಎಚ್ಚರಿಕೆ ‘ಕೋಡಾ’ದ ಬಗ್ಗೆ. 2021ರ ಈ ಮೂರು ಪುಸ್ತಕಗಳು ಇಪ್ಪತ್ತು ವರ್ಷ ಬೆಳೆದ ಆ ದೊಡ್ಡ ಕಥೆಗೆ ಮಂಗಳ ಹಾಡುತ್ತವೆ. ಹೊಸದಾಗಿ ಕಾಣುತ್ತವೆ, ಸುಲಭವಾಗಿ ಸಿಗುತ್ತವೆ ಎಂದು ಅವುಗಳಿಂದ ಶುರು ಮಾಡುವವರಿದ್ದಾರೆ. ಯಾರ ಸಾವಿಗೆ ಅಳಬೇಕೆಂದೇ ಗೊತ್ತಾಗದ ಓದು ಅದಾಗುತ್ತದೆ.

‘ಪಿಕಾರ್ಡ್’ ಸರಣಿ ಬಂದ ಮೇಲೆ ಹಳೆಯ ಕಾದಂಬರಿಗಳು ಸುಳ್ಳಾದವಂತೆ. ಮತ್ತೇಕೆ ಓದಬೇಕು?

ನಿಯಮ ಹೀಗಿದೆ: ತೆರೆಯ ಮೇಲೆ ಬಂದದ್ದು ಮಾತ್ರ ಅಧಿಕೃತ. ಕಾದಂಬರಿಗಳು ಅದಕ್ಕೆ ಹೊಂದಿಕೊಳ್ಳಬೇಕು. ತೆರೆ ಕಾದಂಬರಿಗೆ ಹೊಂದಿಕೊಳ್ಳಬೇಕಿಲ್ಲ. 2020ರ ಜನವರಿಯಲ್ಲಿ ‘ಪಿಕಾರ್ಡ್’ ಬಂದಾಗ ಅದೇ ಕಾಲಘಟ್ಟದ ಬಗ್ಗೆ ಬೇರೆಯದೇ ಕಥೆ ಹೇಳಿತು, ಪುಸ್ತಕಗಳ ಕಥೆ ಪಕ್ಕಕ್ಕೆ ಸರಿಯಿತು.

ಆದರೆ ಸುಳ್ಳಾಯಿತು ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ನಮ್ಮ ನಾಡಿನಲ್ಲಿ ಪಂಪನ ಭಾರತದಲ್ಲಿ ಅರ್ಜುನನೇ ನಾಯಕ, ದ್ರೌಪದಿ ಅವನೊಬ್ಬನ ಹೆಂಡತಿ. ಕುಮಾರವ್ಯಾಸನಲ್ಲಿ ಕೃಷ್ಣನ ಕಥೆ. ಒಂದನ್ನು ಓದಿದ ಮೇಲೆ ಇನ್ನೊಂದು ಸುಳ್ಳಾಯಿತೆಂದು ಯಾವ ಕನ್ನಡಿಗನೂ ಪುಸ್ತಕ ಮುಚ್ಚಿಟ್ಟಿಲ್ಲ. ಯಾವುದು ನಡೆದದ್ದು ಎಂದು ಕೇಳದೆ, ಯಾವುದು ಚೆನ್ನಾಗಿದೆ ಎಂದು ಕೇಳಿ.

ಕೆಲಸ, ಟ್ರಾಫಿಕ್ ನಡುವೆ ದಪ್ಪ ಪುಸ್ತಕ ಓದಲು ಸಮಯವಿಲ್ಲ. ಚಿಕ್ಕವು ಇವೆಯೇ?

ಇವೆ, ಅದೂ ಬೆಂಗಳೂರಿನವರಿಗೆ ಹೇಳಿ ಮಾಡಿಸಿದಂಥವು. ‘ಸ್ಟಾರ್‌ಫ್ಲೀಟ್ ಕೋರ್ ಆಫ್ ಎಂಜಿನಿಯರ್ಸ್’ ಎಂಬ ಸರಣಿ 2000ದಲ್ಲಿ ಇ-ಪುಸ್ತಕಗಳಾಗಿ ಶುರುವಾಯಿತು. ‘ಡ ವಿಂಚಿ’ ಎಂಬ ಹಡಗಿನ ಎಂಜಿನಿಯರುಗಳೇ ಇದರ ನಾಯಕರು. ಯಾರೋ ಬಿಟ್ಟುಹೋದ ಯಂತ್ರ, ಕೆಟ್ಟುನಿಂತ ಹಡಗು, ಅರ್ಥವಾಗದ ತಂತ್ರಜ್ಞಾನ ಇವುಗಳನ್ನು ಬಿಚ್ಚಿ ನೋಡಿ ಸರಿಪಡಿಸುವುದೇ ಅವರ ಕೆಲಸ. ಒಂದೊಂದೂ ಕಿರುಕಾದಂಬರಿ, ಮೆಟ್ರೋದಲ್ಲಿ ವೈಟ್‌ಫೀಲ್ಡಿಗೆ ಹೋಗಿ ಬರುವಷ್ಟರಲ್ಲಿ ಹೆಚ್ಚು ಭಾಗ ಮುಗಿಯುತ್ತದೆ. ಅಚ್ಚಿನಲ್ಲೂ ನಾಲ್ಕಾರು ಕಥೆ ಸೇರಿಸಿ ಸಂಪುಟಗಳು ಬಂದಿವೆ. ಮೊದಲನೆಯದು ‘ಹ್ಯಾವ್ ಟೆಕ್, ವಿಲ್ ಟ್ರಾವೆಲ್’ (2002).

ಉದ್ದದ್ದೇ ಬೇಕು, ಆದರೆ ಮುಗಿದ ಕಥೆಯಾಗಿರಬೇಕು.

‘ವ್ಯಾನ್‌ಗಾರ್ಡ್’. 2005ರ ‘ಹಾರ್ಬಿಂಜರ್’ನಿಂದ 2012ರ ‘ಸ್ಟಾರ್ಮಿಂಗ್ ಹೆವನ್’ವರೆಗೆ. ಕರ್ಕ್‌ನ ಕಾಲದಲ್ಲೇ ನಡೆಯುತ್ತದೆ, ಆದರೆ ಕಥೆ ಒಂದು ಅಂತರಿಕ್ಷ ನೆಲೆಯದು. ಕಮೊಡೋರ್ ಡಿಯೇಗೊ ರೇಯಸ್, ಒಬ್ಬ ಪತ್ರಕರ್ತ, ಒಬ್ಬಳು ವಲ್ಕನ್ ಗೂಢಚಾರಿಣಿ, ಸಾಲದಲ್ಲಿ ಮುಳುಗಿದ ಒಬ್ಬ ವ್ಯಾಪಾರಿ. ಡೇವಿಡ್ ಮ್ಯಾಕ್ ಒಂದು ಕಡೆ, ಡೇಟನ್ ವಾರ್ಡ್ ಮತ್ತು ಕೆವಿನ್ ಡಿಲ್ಮೋರ್ ಜೋಡಿ ಇನ್ನೊಂದು ಕಡೆ, ಸರದಿಯ ಮೇಲೆ ಬರೆದರು. ಇದನ್ನು ಮಾತ್ರ ಕಟ್ಟುನಿಟ್ಟಾಗಿ ಕ್ರಮದಲ್ಲೇ ಓದಬೇಕು.

ಖಾನ್ ಭಾರತದವನಲ್ಲವೇ? ಅವನ ಕಥೆ ಇದೆಯೇ?

ಇದೆ. ಖಾನ್ ಕರ್ಕ್‌ನ ದೊಡ್ಡ ಶತ್ರು. 1967ರ ಕಂತಿನಲ್ಲಿ ಅವನನ್ನು ಉತ್ತರ ಭಾರತದ ಸಿಖ್ಖನಿರಬಹುದು ಎಂದು ಪರಿಚಯಿಸುತ್ತಾರೆ, ಪಾತ್ರ ಮಾಡಿದ್ದು ಮೆಕ್ಸಿಕೋ ಮೂಲದ ರಿಕಾರ್ಡೊ ಮೊಂಟಲ್ಬಾನ್. ಗ್ರೆಗ್ ಕಾಕ್ಸ್ 2001 ಮತ್ತು 2002ರಲ್ಲಿ ‘ದಿ ಯುಜೆನಿಕ್ಸ್ ವಾರ್ಸ್’ ಎಂಬ ಎರಡು ಸಂಪುಟಗಳಲ್ಲಿ ಖಾನ್‌ನ ಏಳುಬೀಳನ್ನು ಬರೆದರು. ಇಪ್ಪತ್ತನೇ ಶತಮಾನದ ಕೊನೆಯ ದಶಕಗಳ ನಿಜ ಘಟನೆಗಳ ಹಿಂದೆ ಗುಟ್ಟಾಗಿ ನಡೆದ ಯುದ್ಧವಾಗಿ ಅದನ್ನು ಕಟ್ಟಿದ್ದಾರೆ, ಭಾರತವೂ ಅದರಲ್ಲಿ ದೊಡ್ಡದಾಗಿಯೇ ಬರುತ್ತದೆ. ಓಟದ ಕಥೆ, ಬೇಸರ ತರಿಸುವುದಿಲ್ಲ. ನಮ್ಮ ದೇಶದ ಚಿತ್ರಣ ಹೊರಗಿನವರ ಕಣ್ಣಿನದು ಎಂಬುದನ್ನು ಮನಸ್ಸಿನಲ್ಲಿಟ್ಟುಕೊಂಡು ಓದಿ.

ಕರ್ಕ್ ಪಾತ್ರ ಮಾಡಿದ ವಿಲಿಯಂ ಶಾಟ್ನರ್ ಹೆಸರಿನಲ್ಲೂ ಪುಸ್ತಕಗಳಿವೆಯಲ್ಲ?

‘ದಿ ಆ್ಯಶಸ್ ಆಫ್ ಈಡನ್’ನಿಂದ (1995) ಶುರುವಾಗುವ ಸಾಲು ಅದು, ಜುಡಿತ್ ಮತ್ತು ಗಾರ್ಫೀಲ್ಡ್ ರೀವ್ಸ್-ಸ್ಟೀವನ್ಸ್ ದಂಪತಿಯೊಂದಿಗೆ ಬರೆದದ್ದು. ಉಳಿದ ಪುಸ್ತಕಗಳ ಕಥೆಗೂ ಇದಕ್ಕೂ ನಂಟಿಲ್ಲ. ನನ್ನ ಮಾತು ಕೇಳುವುದಾದರೆ ಆ ದಂಪತಿ ತಾವೇ ಬರೆದ ‘ಪ್ರೈಮ್ ಡೈರೆಕ್ಟಿವ್’ (1990), ‘ಫೆಡರೇಷನ್’ (1994) ಮೊದಲು ಓದಿ.

ನನ್ನ ಓದು ಪೂರ್ತಿ ಕನ್ನಡದಲ್ಲೇ. ಇಂಗ್ಲಿಷ್ ಕಾದಂಬರಿ ಕಷ್ಟವಾಗುವುದಿಲ್ಲವೇ?

ಗೊತ್ತಿರುವ ಕಥೆಯಿಂದ ಶುರು ಮಾಡಿದರೆ ಆಗುವುದಿಲ್ಲ. ಜೇಮ್ಸ್ ಬ್ಲಿಶ್ 1967ರಿಂದ ಮೊದಲ ಸರಣಿಯ ಕಂತುಗಳನ್ನು ಸಣ್ಣಕಥೆಗಳಾಗಿ ಬರೆದರು. ಒಟ್ಟು ಹನ್ನೆರಡು ತೆಳು ಸಂಪುಟ. 1975ರಲ್ಲಿ ಅವರು ತೀರಿಕೊಂಡ ಮೇಲೆ ಹನ್ನೆರಡನೆಯದನ್ನು ಅವರ ಪತ್ನಿ ಜೆ.ಎ. ಲಾರೆನ್ಸ್ ಪೂರ್ಣಗೊಳಿಸಿದರು. ಕಂತು ನೋಡಿ, ಅದೇ ಸಂಜೆ ಕಥೆ ಓದಿ. ಪಾತ್ರಗಳ ಮುಖ, ಧ್ವನಿ ಆಗಲೇ ಮನಸ್ಸಿನಲ್ಲಿರುವುದರಿಂದ ಅರ್ಥವಾಗದ ಪದಗಳು ದಾರಿ ತಡೆಯುವುದಿಲ್ಲ. ಬ್ಲಿಶ್ ಹಲವು ಸಲ ಚಿತ್ರಕಥೆಯ ಹಳೆಯ ಕರಡು ಇಟ್ಟುಕೊಂಡು ಬರೆದದ್ದರಿಂದ ಅಲ್ಲಲ್ಲಿ ಕಥೆ ಬೇರೆಯಾಗುತ್ತದೆ. ಆ ವ್ಯತ್ಯಾಸಗಳನ್ನು ಹುಡುಕುವುದೇ ಒಂದು ಖುಷಿ.

ಅವು ಮುಗಿದ ಮೇಲೆ ಪೀಟರ್ ಡೇವಿಡ್. ಅವರ ಸಂಭಾಷಣೆ ಚುರುಕು, ವಾಕ್ಯ ಚಿಕ್ಕದು. ಡ್ವೇನ್ ಮತ್ತು ಮೆಕಾರ್ಮಕ್ ಅದರ ನಂತರ. ಫೋರ್ಡ್ ಕೊನೆಗೆ.

ಮಕ್ಕಳಿಗೆ ಯಾವುದು ಕೊಡಲಿ?

ಪೀಟರ್ ಡೇವಿಡ್ 1993ರಲ್ಲಿ ಬರೆದ ‘ವೋರ್ಫ್ಸ್ ಫಸ್ಟ್ ಅಡ್ವೆಂಚರ್’. ಒಕ್ಕೂಟದ ಅಂತರಿಕ್ಷ ಪಡೆಯಾದ ಸ್ಟಾರ್‌ಫ್ಲೀಟ್‌ನ ಅಕಾಡೆಮಿಗೆ ಸೇರಿದ ಹುಡುಗ ವೋರ್ಫ್‌ನ ಕಥೆ, ಮಕ್ಕಳಿಗೆಂದೇ ಬರೆದದ್ದು. ‘ಡೆಸ್ಟಿನಿ’, ‘ವ್ಯಾನ್‌ಗಾರ್ಡ್’ಗಳಲ್ಲಿ ಹಿಂಸೆ ಹೆಚ್ಚು, ಹೈಸ್ಕೂಲು ದಾಟುವವರೆಗೆ ಕಾಯಲಿ.

ಬೆಂಗಳೂರಿನಲ್ಲಿ ಎಲ್ಲಿ ಸಿಗುತ್ತವೆ?

ಹಳೆಯ ಪುಸ್ತಕಗಳಿಗೆ ಚರ್ಚ್ ಸ್ಟ್ರೀಟ್‌ನ ಬ್ಲಾಸಮ್ ಮತ್ತು ಬುಕ್‌ವರ್ಮ್ ಮೊದಲು. ಒಂದೇ ಕಡೆ ಜೋಡಿಸಿಟ್ಟಿರುತ್ತಾರೆಂದು ನಂಬಬೇಡಿ. ವೈಜ್ಞಾನಿಕ ಕಾದಂಬರಿಗಳ ಕಪಾಟಿನಲ್ಲಿ ಬರಹಗಾರರ ಹೆಸರಿನ ಕೆಳಗೂ ಸೇರಿಕೊಂಡಿರುತ್ತವೆ, ಆದ್ದರಿಂದ ಡ್ವೇನ್, ಡೇವಿಡ್, ಫೋರ್ಡ್, ಮ್ಯಾಕಿಂಟೈರ್ ಹೆಸರುಗಳನ್ನೂ ಹುಡುಕಿ. ಅವೆನ್ಯೂ ರಸ್ತೆಯಲ್ಲಿ ಪಠ್ಯಪುಸ್ತಕಗಳದೇ ದರ್ಬಾರು, ಆದರೂ ಹಳೆ ಇಂಗ್ಲಿಷ್ ಕಾದಂಬರಿಗಳ ರಾಶಿ ಕಂಡರೆ ಒಮ್ಮೆ ಕೆದಕಿ ನೋಡಿ.

ಕೊಳ್ಳುವ ಮುನ್ನ ಎರಡು ಸಂಗತಿ ನೋಡಿ. ಮೊದಲನೆಯದು, ಮುಖಪುಟದಲ್ಲಿ ‘ಬುಕ್ ಒನ್’, ‘ಬುಕ್ ಟೂ’ ಎಂದಿದೆಯೇ? ಇದ್ದರೆ ಇನ್ನೊಂದು ಭಾಗ ಸಿಗುವ ದಾರಿ ಇದೆಯೇ ಎಂದು ಖಚಿತಪಡಿಸಿಕೊಳ್ಳಿ. ಎರಡನೇ ಭಾಗವೊಂದೇ ಸಿಕ್ಕರೆ ಕಪಾಟಿಗಷ್ಟೇ ಅಲಂಕಾರ. ಎರಡನೆಯದು ಬೆನ್ನು. 1980ರ ದಶಕದ ಪುಟ್ಟ ಪೇಪರ್‌ಬ್ಯಾಕ್‌ಗಳ ಅಂಟು ಒಣಗಿ, ತೆರೆದ ಕೂಡಲೇ ಹಾಳೆಗಳು ಕಳಚಿ ಬರುತ್ತವೆ. ನಡುವಿನ ಪುಟವನ್ನು ಮೆಲ್ಲಗೆ ಬಿಡಿಸಿ ನೋಡಿಯೇ ದುಡ್ಡು ಕೊಡಿ. ಮನೆಗೆ ತಂದ ಮೇಲೆ ಮಳೆಗಾಲದ ತೇವ ತಾಗುವ ಗೋಡೆಯ ಪಕ್ಕ ಇಡಬೇಡಿ.

ಪಾಕೆಟ್ ಬುಕ್ಸ್ ತಂದ ಹೆಚ್ಚಿನವು ಇ-ಪುಸ್ತಕವಾಗಿಯೂ ಇವೆ. ದೊಡ್ಡ ಸರಣಿ ಓದುವವರಿಗೆ ಅದೇ ಅನುಕೂಲ; ಮೂರನೇ ಸಂಪುಟ ಸಿಗಲಿಲ್ಲ ಎಂದು ವರ್ಷಗಟ್ಟಲೆ ಕಾಯಬೇಕಿಲ್ಲ.

ಹೊಸ ಸರಣಿಗಳನ್ನೇ ನೋಡಿದ್ದೇನೆ. ಅವುಗಳ ಪುಸ್ತಕ?

‘ಡಿಸ್ಕವರಿ’ಗೆ ಡೇವಿಡ್ ಮ್ಯಾಕ್ ಅವರ ‘ಡೆಸ್ಪರೇಟ್ ಅವರ್ಸ್’ (2017), ‘ಪಿಕಾರ್ಡ್’ಗೆ ಮೆಕಾರ್ಮಕ್ ಅವರ ‘ದಿ ಲಾಸ್ಟ್ ಬೆಸ್ಟ್ ಹೋಪ್’ (2020), ‘ಸ್ಟ್ರೇಂಜ್ ನ್ಯೂ ವರ್ಲ್ಡ್ಸ್’ಗೆ ಜಾನ್ ಜಾಕ್ಸನ್ ಮಿಲ್ಲರ್ ಅವರ ‘ದಿ ಹೈ ಕಂಟ್ರಿ’ (2023). ಮೂರರಲ್ಲಿ ಒಂದನ್ನೇ ಆರಿಸಬೇಕಾದರೆ ಮೆಕಾರ್ಮಕ್. ನಿರಾಶ್ರಿತರನ್ನು ಸಾಗಿಸುವ ಕೆಲಸ ಎಷ್ಟು ಕಷ್ಟ, ರಾಜಕಾರಣ ಅದನ್ನು ಹೇಗೆ ಮುರಿಯಿತು ಎಂದು ಸರಣಿ ಎರಡು ಮಾತಿನಲ್ಲಿ ದಾಟಿಸಿದ್ದನ್ನು ಈ ಪುಸ್ತಕ ಪೂರ್ತಿಯಾಗಿ ಕಟ್ಟಿಕೊಡುತ್ತದೆ.

ಒಂದು ಪುಸ್ತಕ ಓದಿದೆ, ಹಿಡಿಸಲಿಲ್ಲ. ಇಷ್ಟಕ್ಕೇ ಬಿಡಲೇ?

ಬಿಡಬೇಡಿ, ಬರಹಗಾರರನ್ನು ಬದಲಿಸಿ. ಒಂದೇ ಹಡಗು, ಅದೇ ಸಿಬ್ಬಂದಿ, ಆದರೆ ಡ್ವೇನ್ ಕೈಯಲ್ಲಿ ಅದು ವಿಸ್ಮಯದ ಕಥೆ, ಫೋರ್ಡ್ ಕೈಯಲ್ಲಿ ರಾಜಕೀಯದ ಕಥೆ, ಮ್ಯಾಕ್ ಕೈಯಲ್ಲಿ ಯುದ್ಧದ ಕಥೆ, ಮೆಕಾರ್ಮಕ್ ಕೈಯಲ್ಲಿ ಸಾಮಾನ್ಯರ ಬದುಕು. ಭೈರಪ್ಪನವರು ಹಿಡಿಸಲಿಲ್ಲವೆಂದು ತೇಜಸ್ವಿಯವರನ್ನು ಓದದೆ ಬಿಡುತ್ತೇವೆಯೇ? ಮುಖಪುಟದಲ್ಲಿ ದೊಡ್ಡಕ್ಷರದಲ್ಲಿರುವುದು ಸರಣಿಯ ಹೆಸರು, ಬರಹಗಾರರದ್ದು ಕೆಳಗೆ ಸಣ್ಣಕ್ಷರದಲ್ಲಿರುತ್ತದೆ. ಮುಂದಿನ ಪುಸ್ತಕ ಆರಿಸುವಾಗ ಆ ಸಣ್ಣಕ್ಷರವನ್ನು ಓದಿ.